ಇಳಿತದ ಹೊತ್ತಿಗೆ ಸಿಗ್ನಲ್ ಹೋಗುವ ದ್ವೀಪ

ಹೊರಡುವ ಮುನ್ನ

ನಾನು ಸಮುದ್ರವನ್ನು ಮೊದಲು ನೋಡಿದ್ದು ಐವತ್ತರ ವಯಸ್ಸಿನ ಆಸುಪಾಸಿನಲ್ಲಿ, ಅದೂ ಸ್ಕಾಟ್ಲೆಂಡಿನಲ್ಲಿ. ನೆರೆಹೊರೆಯವರು ಗೋಕರ್ಣ, ಉಡುಪಿ ಎಂದು ವರ್ಷವರ್ಷ ಹೋಗಿಬರುತ್ತಿದ್ದರು. ನನಗೆ ಅಂಗಡಿ ಬಿಟ್ಟು ಏಳಲು ಆಗುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದು ಮೊದಲು ಕೇಬಲ್ ಟಿವಿ, ಈಗ ಇಂಟರ್ನೆಟ್. ಗಂಡಸರು ಶೇಂಗಾ ವ್ಯಾಪಾರದಲ್ಲಿ ಮುಳುಗಿರುವುದರಿಂದ ಇದನ್ನು ನಡೆಸುವವರು ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕೊಟ್ರಮ್ಮ. ಅಂಗಡಿ, ಮಾತುಕತೆ ನನ್ನದು. ಗೋಪುರ ಹತ್ತುವುದು, ತಟ್ಟೆಯಂಥ ಆಂಟೆನಾ ತಿರುಗಿಸಿ ಸಿಗ್ನಲ್ ಹಿಡಿಯುವುದು ಅವಳದು. ಚಿಗಟೇರಿಯ ತವರಿನಲ್ಲಿ ಹುಣಸೆಮರ ಹತ್ತಿ ಬೆಳೆದವಳು. ಸೀರೆಯನ್ನು ಮೊಣಕಾಲಿಗೆ ಕಟ್ಟಿ ಕಬ್ಬಿಣದ ಏಣಿ ಹಿಡಿದಳೆಂದರೆ ಕೆಳಗೆ ನಿಂತವರಿಗೆ ತಲೆ ತಿರುಗಬೇಕು, ಅವಳಿಗಲ್ಲ.

ಊರೊಳಗೆ ತಂತಿ ಎಳೆದಿದ್ದೇವೆ. ಹಿನ್ನೀರಿನ ಆಚೆಯ ನಾಲ್ಕು ಹಳ್ಳಿಗೆ ತಂತಿ ಹೋಗುವುದಿಲ್ಲ. ತುಂಗಭದ್ರೆಯ ನೀರು ಅಲ್ಲಿ ಕೈ ಚಾಚಿದ ಹಾಗೆ ಹೊಲಗಳ ನಡುವೆ ಹೊಕ್ಕಿದೆ. ಅದರ ಮೇಲಿಂದ ರೇಡಿಯೋ ತರಂಗದಲ್ಲಿ ಕಳಿಸುತ್ತೇವೆ. ತರಂಗಗಳಲ್ಲಿ ಹೆಚ್ಚಿನವು ಹರಾಜಿನಲ್ಲಿ ಹಿಡಿದ ಕಂಪನಿಗಳ ಪಾಲು. ಸ್ವಲ್ಪವನ್ನು ಮಾತ್ರ ಸರ್ಕಾರ, ಊರ ದನಕ್ಕೆ ಗೋಮಾಳ ಬಿಟ್ಟ ಹಾಗೆ, ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟಿದೆ. ಮನೆಮನೆಯ ವೈಫೈ ಡಬ್ಬಿ ಮೇಯುವುದೂ ಅಲ್ಲೇ, ನಮ್ಮ ತಟ್ಟೆ ಮೇಯುವುದೂ ಅಲ್ಲೇ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ.

ಇದರ ಮೇಲೆ ಇನ್ನೊಂದು ಕಾಟ. ಡ್ಯಾಮ್ ತುಂಬುತ್ತ ಬಂದ ಹಾಗೆ ಆಚೆ ದಂಡೆಯ ಸಿಗ್ನಲ್ ಸತ್ತುಹೋಗುತ್ತಿತ್ತು. ಕೊಟ್ರಮ್ಮ ಹತ್ತಿ ಸರಿಮಾಡುವಳು. ನಾಲ್ಕು ದಿನ ಬರುವುದು, ಮತ್ತೆ ಹೋಗುವುದು. ಇನ್ನೂ ಎತ್ತರದ ಕಂಬ ಹಾಕಿಸಿದೆವು. ಇನ್ನೂ ಕೆಟ್ಟಿತು. ಜನ ಅವಳಿಗೇ ಫೋನು ಮಾಡಿ ಬೈಯುತ್ತಿದ್ದರು.

ಹಳ್ಳಿಗಾಡಿನ ಇಂಥ ಸಣ್ಣ ಜಾಲಗಳಿಗೆ ನೆರವಾಗುವ ಒಂದು ಸಂಘದವರು, ಹೀಗೆಯೇ ನೀರು ದಾಟಿಸಿ ಇಂಟರ್ನೆಟ್ ನಡೆಸುವ ಜನ ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿದ್ದಾರೆ, ನೋಡಿಕೊಂಡು ಬನ್ನಿ ಎಂದು ನಮ್ಮಿಬ್ಬರನ್ನೂ ಕಳಿಸಿದರು. ಕೊಟ್ಟೂರಿನ ನನ್ನ ತಾಯಿ ವಿಭೂತಿ ಹಚ್ಚಿ, “ಅಲ್ಲಿ ಏನ್ ಉಣ್ತೀರೋ ಏನೋ” ಎಂದು ಶೇಂಗಾ ಚಟ್ನಿಪುಡಿಯ ದೊಡ್ಡ ಚೀಲ ಕಟ್ಟಿಕೊಟ್ಟಳು.

ಗ್ಲಾಸ್ಗೊ

ಆ ಚೀಲವೇ ಮೊದಲು ನಮ್ಮನ್ನು ಹಿಡಿಸಿಕೊಟ್ಟದ್ದು. ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ನಮ್ಮ ಪೆಟ್ಟಿಗೆಯ ಮುಂದೆ ಬಂದು ಶಿಸ್ತಾಗಿ ಕುಳಿತುಬಿಟ್ಟಿತು. ಅದರ ಜೊತೆಗಿದ್ದ ಅಧಿಕಾರಿಣಿ ಚೀಲ ಬಿಚ್ಚಿಸಿ, ಕೆಂಪು ಪುಡಿಯನ್ನು ದಿಟ್ಟಿಸಿ, ಇದೇನು ಎಂದು ಕೇಳಿದಳು. ನನ್ನ ಬಿ.ಎ. ಇಂಗ್ಲಿಷು ಆ ಹೊತ್ತಿಗೆ ಕೈಕೊಟ್ಟಿತು. ಕೊಟ್ರಮ್ಮ ಚಿಟಿಕೆ ಪುಡಿ ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಆಕೆಯ ಕಡೆ ಚಾಚಿ, “ತಗೋರಿ, ತಿಂದು ನೋಡ್ರಿ, ಸುಳ್ಳು ಹೇಳಾಕ ಏನೈತಿ” ಎಂದಳು. ಆಕೆ ತಿನ್ನಲಿಲ್ಲ. ಹತ್ತಿರದಿಂದ ಮೂಸಿದಳು, ಒಂದಾದ ಮೇಲೊಂದು ಸೀನಿದಳು, ಕಣ್ಣೊರೆಸಿಕೊಳ್ಳುತ್ತ ಹೋಗಿ ಎಂದು ಕೈ ಮಾಡಿದಳು. ನಾಯಿ ಮಾತ್ರ ನಮ್ಮನ್ನು ಬಹಳ ದೂರದವರೆಗೆ ನೋಡುತ್ತಿತ್ತು.

ನಿದ್ದೆಗೆಟ್ಟ ಕಣ್ಣಿಗೆ ಆ ಊರು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಂತೆ ಕಂಡಿತು. ರೈಲಿನಲ್ಲಿ ಕುಳಿತರೆ ಗುಡ್ಡ, ಕೆರೆ, ಮತ್ತೆ ಗುಡ್ಡ. ಯಾವುದಕ್ಕೂ ಅಂಚಿಲ್ಲ. ನಮ್ಮ ಕೂಡ್ಲಿಗಿ ಕಡೆಯ ಗುಡ್ಡಗಳಲ್ಲಿ ಒಂದೊಂದು ಬಂಡೆಯನ್ನೂ ಎಣಿಸಬಹುದು. ಇಲ್ಲಿ ಗುಡ್ಡ ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಎಚ್ಚರವಿದ್ದೇನೋ ಕನಸೋ ಎಂದು ನಾನು ಎರಡು ಸಲ ಕೈ ಚಿವುಟಿಕೊಂಡೆ.

ದೋಣಿಯ ಮೇಲೆ

ದೋಣಿ ಎಂದರೆ ಕಾರು, ಲಾರಿ ಎಲ್ಲವನ್ನೂ ನುಂಗುವ ಹಡಗು. ಸಮುದ್ರ ನಾನು ನೆನೆದಂತೆ ನೀಲಿಯಾಗಿರಲಿಲ್ಲ. ಹಾಲು ಬೆರೆತ ಬೂದಿಯ ಬಣ್ಣ. ಸದ್ದಿಲ್ಲ. ಹಡಗು ನೀರಿನ ಮೇಲಲ್ಲ, ಮಂಜಿನ ಮೇಲೆ ಹೋಗುತ್ತಿದೆ ಅನಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಎದುರಿಗೆ ಉದ್ದಕ್ಕೆ ಏನೋ ಒಂದು ಮಲಗಿರುವುದು ಕಂಡಿತು: ತಲೆಯಂತೆ ಒಂದು ಗುಡ್ಡ, ಎದೆಯಂತೆ ಒಂದು ಏರು, ಕಾಲು ಚಾಚಿದಂತೆ ತಗ್ಗು ನೆಲ.

“ಅಕ್ಕಾ, ಹೊಳಲಿನ ಅನಂತಶಯನ ಮಲಗ್ಯಾನ ನೋಡು,” ಎಂದಳು ಕೊಟ್ರಮ್ಮ ಮೆಲ್ಲಗೆ.

ನಾವು ಶಿವನ ಒಕ್ಕಲಾದರೂ ಹೊಳಲಿಗೆ ಹೋದಾಗಲೆಲ್ಲ ಆ ಗುಡಿಯೊಳಗೆ ನಿಂತು ಬಂದವರೇ. ನಾನು ಕೈ ಮುಗಿದೆ. ಪಕ್ಕದಲ್ಲಿದ್ದ ಬಿಳಿಯ ಮುದುಕನೊಬ್ಬ ನನ್ನನ್ನು ನೋಡಿ, ಏಕೆಂದು ಕೇಳದೆ, ತಾನೂ ಟೋಪಿ ತೆಗೆದ.

ಮೈರಿಯ ಮನೆ

ಹಡಗುಕಟ್ಟೆಗೆ ನಮ್ಮನ್ನು ಕರೆದೊಯ್ಯಲು ಬಂದವಳು ಮೈರಿ. ಅರವತ್ತು ದಾಟಿದ, ಕೆಂಪು ಕೆನ್ನೆಯ, ಗಾಳಿಗೆ ಒಗ್ಗಿದ ಹೆಂಗಸು. ಕುರಿ ಸಾಕುತ್ತಾಳೆ, ದ್ವೀಪದ ಇಂಟರ್ನೆಟ್ಟನ್ನೂ ಸಾಕುತ್ತಾಳೆ. ಕಂಪನಿಗಳು ಇಷ್ಟು ಕಡಿಮೆ ಮನೆಗಳಿಗೆ ಬರುವುದಿಲ್ಲ ಎಂದಾಗ ದ್ವೀಪದ ಜನ ತಾವೇ ತಟ್ಟೆ ತಂದು ನಿಲ್ಲಿಸಿಕೊಂಡಿದ್ದರು.

ಅಲ್ಲಿ ಎದುರಿಗೆ ಬರುವ ಪ್ರತಿ ಕಾರಿನವರೂ ಸ್ಟಿಯರಿಂಗ್ ಮೇಲಿನ ಒಂದು ಬೆರಳು ಎತ್ತುತ್ತಾರೆ. ಅಷ್ಟೇ, ಅದೇ ನಮಸ್ಕಾರ. ನಮ್ಮೂರಲ್ಲಾದರೆ ಗಾಡಿ ನಿಲ್ಲಿಸಿ, ಎಲ್ಲಿಗೆ, ಏಕೆ, ಯಾವಾಗ ಬರುವುದು ಎಂದು ಕೇಳದೆ ಬಿಡರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಕೊಟ್ರಮ್ಮನೂ ಬೆರಳು ಎತ್ತತೊಡಗಿದಳು. ಆಮೇಲೆ ರಸ್ತೆಗೆ ಅಡ್ಡ ಮಲಗಿದ್ದ ಕುರಿಗಳಿಗೂ ಎತ್ತಿದಳು.

ಬಾಗಿಲಿಗೆ ಬೀಗವಿಲ್ಲ. ಯಾರೋ ಬರುತ್ತಾರೆ, ಕೆಟಲಿಗೆ ನೀರು ಹಾಕಿಕೊಳ್ಳುತ್ತಾರೆ, ಕೂರುತ್ತಾರೆ. ಧನ್ಯವಾದಕ್ಕೆ ಅವರ ಗೇಲಿಕ್ ನುಡಿಯಲ್ಲಿರುವ ಮಾತು ‘ತಾಪ’ ಎಂದು ಶುರುವಾಗುತ್ತದೆ. ಅಷ್ಟು ಚಳಿಯ ಊರಿನಲ್ಲಿ ಉಪಕಾರಕ್ಕೆ ತಾಪ ಎನ್ನುವುದು ನನಗೆ ಸರಿಯಾಗಿಯೇ ಕಂಡಿತು.

ಹಾಗೆ ಬಂದು ಕುಳಿತವರಲ್ಲಿ ಒಬ್ಬ ಹಡಗಿನಲ್ಲಿ ಟೋಪಿ ತೆಗೆದಿದ್ದ ಮುದುಕ. ಹೆಸರು ಡೊನಾಲ್ಡ್. ಮೈರಿಯ ಮೇಜಿನ ಮೇಲಿನ ಪರದೆಯ ಮುಂದೆ ಕುಳಿತು, ಕೂದಲು ನೀವಿಕೊಂಡು ಕಾಯತೊಡಗಿದ. ಪರದೆಯಲ್ಲಿ ಬೆಳ್ಳಗಿನ ಮುಖದ ಮುದುಕಿಯೊಬ್ಬಳು ಮೂಡಿದಳು. ಮರೆವಿನ ಕಾಯಿಲೆಯ ಅವನ ಹೆಂಡತಿ. ಆಚೆ ದಡದ ಆರೈಕೆಯ ಮನೆಯಲ್ಲಿದ್ದಾಳೆ ಎಂದು ಮೈರಿ ಪಿಸುಗುಟ್ಟಿದಳು. ಡೊನಾಲ್ಡ್ ತನ್ನ ನುಡಿಯಲ್ಲಿ ಏನೋ ಗುನುಗಿದ. ಆಕೆ ನಕ್ಕಳು. ನಗುತ್ತಿದ್ದ ಹಾಗೆಯೇ ಮುಖ ನಿಂತುಹೋಯಿತು.

ಡೊನಾಲ್ಡ್ ಕಿಟಕಿಯಾಚೆ ನೋಡಿದ. “ನೀರು ಇಳಿಯುತ್ತಿದೆ,” ಎಂದ. ಟೋಪಿ ಹಾಕಿಕೊಂಡು ಎದ್ದುಹೋದ.

ಕುರಿದೊಡ್ಡಿ

ಮರುದಿನ ಮೈರಿ ನಮ್ಮನ್ನು ದಡದ ಕುರಿದೊಡ್ಡಿಗೆ ಕರೆದೊಯ್ದಳು. ಹುಲ್ಲೆಲ್ಲ ಪುಟ್ಟ ಹಳದಿ ಹೂ. ಬೆನ್ನಿಗೆ ನೀಲಿ, ಕೆಂಪು ಗುರುತು ಹಚ್ಚಿದ ಕುರಿಗಳು ತಮ್ಮಷ್ಟಕ್ಕೆ ಮೇಯುತ್ತಿದ್ದವು. ಹಡಗಲಿ ಸೀಮೆಯ ಕುರುಬರು ಕಂಬಳಿ ಹೊದ್ದು ಹಿಂಡಿನ ಹಿಂದೆಯೇ ಊರೂರು ಅಲೆಯುವುದನ್ನು ಕಂಡ ನಮಗೆ, ಕಾಯುವವರೇ ಇಲ್ಲದ ಕುರಿ ಕನಸಿನ ಕುರಿಯಂತೆ ಕಂಡಿತು.

“ಇಷ್ಟೂ ನೆಲ ಊರಿನದು,” ಎಂದಳು ಮೈರಿ. “ಯಾರ ಕುರಿಯಾದರೂ ಮೇಯಬಹುದು. ನಮ್ಮ ತರಂಗವೂ ಹೀಗೆಯೇ. ಆದರೆ ಬೇಸಿಗೆಯಲ್ಲಿ ಪ್ರವಾಸಿಗರು ಬರುತ್ತಾರೆ. ಪ್ರತಿ ಬಾಡಿಗೆ ಮನೆಗೂ ಒಂದು ವೈಫೈ ಡಬ್ಬಿ. ನಮ್ಮ ತರಂಗದಲ್ಲಿ ಜಾಗವೇ ಉಳಿಯುವುದಿಲ್ಲ. ಅದರ ಮೇಲಿನ ಅಗಲವಾದ ತರಂಗಪಟ್ಟಿಯನ್ನು ನಮ್ಮಂಥವರಿಗೂ ಬಿಡಿ, ಮನೆಯ ಹೊರಗೂ ಬಳಸಲು ಬಿಡಿ ಎಂದು ಕೇಳುತ್ತಿದ್ದೇವೆ. ನಾಳೆ ಅಧಿಕಾರಿಗಳು ಕೇಳಿಸಿಕೊಳ್ಳಲು ಬರುತ್ತಾರೆ.”

“ನೀರಿಂದೇನು ಕೇಳು,” ಎಂದು ಕೊಟ್ರಮ್ಮ ನನ್ನ ಭುಜ ಮುಟ್ಟಿದಳು. “ಇಳಿದ್ರ ಸಿಗ್ನಲ್ ಯಾಕ ಹೋಕ್ಕೈತಿ?”

ಮೈರಿ ಗಾಳಿಯಲ್ಲಿ ಕೈಯಾಡಿಸಿ ವಿವರಿಸಿದಳು. ತರಂಗ ಒಂದು ನೇರವಾಗಿ ಬರುತ್ತದೆ, ಇನ್ನೊಂದು ನೀರಿಗೆ ಬಡಿದು ಪುಟಿದು ಬರುತ್ತದೆ. ಇಬ್ಬರು ಒಂದೇ ತೊಟ್ಟಿಲು ತೂಗುವ ಹಾಗೆ. ಕೂಡಿ ತೂಗಿದರೆ ಜೋರಾಗಿ ಆಡುತ್ತದೆ. ಒಬ್ಬಳು ಎಳೆಯುವಾಗ ಇನ್ನೊಬ್ಬಳು ತಳ್ಳಿದರೆ ನಿಂತೇಹೋಗುತ್ತದೆ. ನೀರಿನ ಮಟ್ಟ ಬದಲಾದರೆ ಎಳೆತ ತಳ್ಳುವಿಕೆಯ ತಾಳ ಬದಲಾಗುತ್ತದೆ. ತಟ್ಟೆ ಎತ್ತರಕ್ಕೆ ಹೋದಷ್ಟೂ ಈ ಆಟ ಹೆಚ್ಚು. ನೀರಿನ ಹತ್ತಿರಕ್ಕೆ ಇಳಿಸಿದರೆ ಕಡಿಮೆ ಎಂದು ಕರಾವಳಿಯ ಇತರ ಜಾಲದವರು ಹೇಳಿದ್ದರಂತೆ. ಅದಕ್ಕೆಂದೇ ದೊಡ್ಡಿಯ ಕಲ್ಲುಗೋಡೆಗೆ ಒಂದು ಮೋಟು ಕಂಬ ಹಾಕಿದ್ದಳು. ಜೊತೆಗೆ ಕೆಲಸ ಮಾಡುತ್ತಿದ್ದವಳು ದ್ವೀಪ ಬಿಟ್ಟಿದ್ದಳು. ಒಂಟಿ ಕೈಯಲ್ಲಿ ತಟ್ಟೆ ಕೂರಿಸಲು ಆಗಿರಲಿಲ್ಲ.

ನಾನು ಕನ್ನಡದಲ್ಲಿ ತಿಳಿಸಿ ಹೇಳಿದ್ದನ್ನೆಲ್ಲ ಕೊಟ್ರಮ್ಮ ಕೇಳಿದಳು. “ಬರೇ ನೀರಿಂದ ಇರಲಿಕ್ಕಿಲ್ಲ,” ಎಂದಳು. ಮುಖದಲ್ಲಿ ಬಣ್ಣವಿರಲಿಲ್ಲ.

ಸಂಜೆ ನಾವಿಬ್ಬರೇ ದಡದ ಮೇಲೆ ಕುಳಿತಿದ್ದೆವು. ಅಲ್ಲಿ ಬೇಸಿಗೆಯ ಸಂಜೆ ಮುಗಿಯುವುದೇ ಇಲ್ಲ. ಬೆಳಕು ಎಲ್ಲಿಗೂ ಹೋಗದೆ ನೀರಿನ ಮೇಲೆ ಕುಳಿತಿರುತ್ತದೆ.

“ಅಕ್ಕಾ, ಒಂದ್ ಮಾತು. ಆ ಕಂಪನಿ ಮನುಷ್ಯ ಬಂದಿದ್ನಲ್ಲ, ಜಾಲ ಮಾರ್ರಿ ಅಂತ. ನಾನು ಹೂಂ ಅಂದೀನಿ.”

ಬೇರೆ ಯಾರದೋ ಮನೆಯ ಸುದ್ದಿಯಂತೆ ಆ ಮಾತು ನನ್ನ ಕಿವಿಗೆ ಬಿತ್ತು. ನಾವು ಹೊರಡುವ ಮುಂಚೆ ದೊಡ್ಡ ಕಂಪನಿಯೊಂದರಿಂದ ಬಂದಿದ್ದ ಆ ಮನುಷ್ಯ ಊರೊಳಗಿನ ಗಿರಾಕಿಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ, ಹಿನ್ನೀರಿನಾಚೆಯ ಹಳ್ಳಿ ಬೇಡ ಎಂದಿದ್ದ. ನಾವಿಬ್ಬರೂ ಒಪ್ಪಿದರಷ್ಟೇ ಮಾರಾಟ. ನಾನು ಒಪ್ಪಿರಲಿಲ್ಲ, ಅವಳೂ ಒಪ್ಪುವುದಿಲ್ಲ ಎಂದೇ ತಿಳಿದಿದ್ದೆ.

“ನನ್ನ ಕೇಳಬೇಕಿತ್ತು,” ಎಂದೆ.

“ಕೇಳಿದ್ರ ನೀನು ಬ್ಯಾಡ ಅಂತಿದ್ದಿ. ಬೈಸಿಕೊಳ್ಳೋಳು ನಾನು. ಆಚಿ ದಂಡೀ ಹನುಮವ್ವ ಫೋನ್ ಮಾಡಿ ಏನಂದ್ಲು ಗೊತ್ತೈತೇನು? ದುಬೈದಾಗಿರೋ ಮಗಳ ಹೆರಿಗಿ ದಿನ ಮುಖ ನೋಡಾಕ ಆಗಲಿಲ್ಲ, ನಿನ್ನ ಕೈ ಸೇದಿಹೋಗ್ಲಿ ಅಂದ್ಲು. ನನಗೂ ಹಂಗ ಅನಸ್ತು, ನನ್ನ ಕೈಯಾಗ ಏನೋ ದೋಷ ಐತಿ ಅಂತ. ಅದಕ್ಕ ಹೂಂ ಅಂದೆ.”

ನನ್ನಲ್ಲಿ ಸಿಟ್ಟಿತ್ತು. ಇಬ್ಬರೂ ಎದ್ದು ಮುಂದೊಬ್ಬರು ಹಿಂದೊಬ್ಬರು ಮನೆಗೆ ನಡೆದೆವು.

ಸಭೆಯ ದಿನ

ಬೆಳಗಾದರೆ ಮಂಜು. ಕೈ ಚಾಚಿದರೆ ಬೆರಳು ಕಾಣದು. ದೋಣಿ ಹೊರಡುವುದಿಲ್ಲ, ಆದ್ದರಿಂದ ಅಧಿಕಾರಿಗಳು ಬರುವುದಿಲ್ಲ, ಪರದೆಯ ಮೇಲೆಯೇ ಕೇಳಿಸಿಕೊಳ್ಳುತ್ತಾರೆ ಎಂದು ಸುದ್ದಿ ಬಂತು. ಅವರು ಹೇಳಿದ ಹೊತ್ತಿಗೆ ಸರಿಯಾಗಿ ಸಮುದ್ರ ಇಳಿಯುವುದಿತ್ತು. ಹೊತ್ತು ಬದಲಿಸಿ ಎಂದು ಮೈರಿ ಕೇಳಿದಳು. ಅವರಿಗೆ ಬೇರೆ ಹೊತ್ತು ಇರಲಿಲ್ಲ.

ಕುರಿದೊಡ್ಡಿಗೆ ತುಸು ಮೇಲಿದ್ದ ದ್ವೀಪದ ಸಭಾಮನೆಯಲ್ಲಿ ಉಣ್ಣೆಯ ಅಂಗಿಗಳ ಒದ್ದೆ ವಾಸನೆ. ಪರದೆಯಲ್ಲಿ ಕನ್ನಡಕದ ಅಧಿಕಾರಿಣಿಯೊಬ್ಬಳು ವಿನಯದಿಂದ ಕೇಳುತ್ತಿದ್ದಳು. ಡೊನಾಲ್ಡ್ ಎದ್ದು ನಿಂತ.

“ನನ್ನ ಹೆಂಡತಿಗೆ ನನ್ನ ಹೆಸರು ನೆನಪಿಲ್ಲ,” ಎಂದ. “ಮುಖ ನೋಡಿದರೆ ಮಾತ್ರ ನಗುತ್ತಾಳೆ. ಮುಖ ನಿಂತುಹೋದರೆ...”

ಪರದೆಯ ಮೇಲೆ ಅಧಿಕಾರಿಣಿಯ ಕಣ್ಣು ಅರ್ಧ ಮುಚ್ಚಿದ್ದಲ್ಲಿಗೆ ನಿಂತಿತು.

ಡೊನಾಲ್ಡ್ ನಿಂತೇ ಇದ್ದ. ನಾನು ಪಕ್ಕಕ್ಕೆ ನೋಡುತ್ತೇನೆ, ಕೊಟ್ರಮ್ಮ ಇಲ್ಲ. ಬಾಗಿಲಲ್ಲಿ ಮೈರಿಯ ತೋಳು ಹಿಡಿದು ಎಳೆಯುತ್ತಿದ್ದಳು. “ಅಕ್ಕಾ, ಆ ಗೋಡಿ ಕಂಬಕ್ಕ ತಟ್ಟಿ ಹಾಕೋಣು ಅಂತ ಹೇಳು. ನೀನು ನಡುವ ನಿಂದ್ರು. ಚಿತ್ರ ಬಂದ್ರ ಕೂಗು.”

ಸೀರೆಯ ಮೇಲೆ ಮೈರಿಯ ಹಳದಿ ಮಳೆಯಂಗಿ ತೊಟ್ಟು ನಾನು ಸಭಾಮನೆಯ ಹೊಸ್ತಿಲಲ್ಲಿ ನಿಂತೆ. ಒಳಗೆ ನಿಂತ ಪರದೆ, ಹೊರಗೆ ಬಿಳಿಯ ಮಂಜು. ಅದರೊಳಗಿಂದ ಕಬ್ಬಿಣದ ಸದ್ದು, ಕುರಿಯ ಕೂಗು, ಒಬ್ಬಳ ಕನ್ನಡ, ಇನ್ನೊಬ್ಬಳ ಗೇಲಿಕ್. ಇಬ್ಬರಿಗೂ ಇನ್ನೊಬ್ಬರ ಮಾತು ತಿಳಿಯದು. “ಎಡಕ್ಕ, ಎಡಕ್ಕ, ಸಾಕು” ಎಂಬುದು ಮಾತ್ರ ಕೈಯಿಂದ ಕೈಗೆ ತಿಳಿಯುತ್ತಿತ್ತು. ಎಷ್ಟು ಹೊತ್ತಾಯಿತೋ. ಮಂಜಿನಲ್ಲಿ ಹೊತ್ತಿಗೂ ಅಂಚಿರಲಿಲ್ಲ.

ಅಧಿಕಾರಿಣಿಯ ಕಣ್ಣು ತೆರೆಯಿತು.

“ಬಂತು,” ಎಂದು ಕೂಗಿದೆ. “ಹಂಗ ಇರ್ಲಿ, ಮುಟ್ಟಬ್ಯಾಡ.”

ಡೊನಾಲ್ಡ್ ಬಿಟ್ಟಲ್ಲಿಂದಲೇ ಹೇಳಿದ. “ಮುಖ ನಿಂತುಹೋದರೆ ಅವಳು ಹೆದರುತ್ತಾಳೆ. ಯಾರೋ ಅಪರಿಚಿತ ತನ್ನನ್ನು ದಿಟ್ಟಿಸುತ್ತಿದ್ದಾನೆ ಎಂದುಕೊಳ್ಳುತ್ತಾಳೆ.” ಅಷ್ಟು ಹೇಳಿ ಕುಳಿತ.

ಕೈಯೆಲ್ಲ ಕೆಸರು ಮಾಡಿಕೊಂಡು ಬಂದ ಮೈರಿ ಕೊನೆಗೆ ಮಾತಾಡಿದಳು. “ಈಗ ನೀವು ಮರೆಯಾಗಿದ್ದು ನೀರಿನಿಂದ. ನೀರಿನ ಕಾಟಕ್ಕೆ ಮದ್ದು ನಾವೇ ಕಂಡುಕೊಂಡೆವು. ಬೇಸಿಗೆಯ ಇಕ್ಕಟ್ಟಿಗೆ ಮದ್ದು ನಿಮ್ಮ ಕೈಯಲ್ಲಿದೆ.” ಅಧಿಕಾರಿಣಿ ಯಾವ ಭರವಸೆಯನ್ನೂ ಕೊಡಲಿಲ್ಲ. ಎಲ್ಲವೂ ದಾಖಲಾಗಿದೆ ಎಂದಳು. ನಿಮ್ಮ ಹೆಂಡತಿಯ ಹೆಸರೇನು ಎಂದು ಡೊನಾಲ್ಡನನ್ನು ಕೇಳಿದಳು.

ನಾನು ಕುರಿದೊಡ್ಡಿಗೆ ಇಳಿದೆ. ಕೊಟ್ರಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ನೀರು ಪೂರ್ತಿ ಇಳಿದು ಕಪ್ಪು ಕಲ್ಲು, ಪಾಚಿ ಎಲ್ಲ ಕಾಣುತ್ತಿತ್ತು. ತಲೆಯ ಮೇಲಿನ ತಟ್ಟೆಯ ಸಿಗ್ನಲ್ ಕದಲಿರಲಿಲ್ಲ.

“ನೀರು, ಅಕ್ಕಾ,” ಎಂದಳು. “ನಾನಲ್ಲ.”

ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳು ಗೋಪುರದಿಂದ ಬಿದ್ದು ಕೈ ಮುರಿದುಕೊಂಡ ದಿನವೂ ನಾನು ಅವಳ ಅಳು ಕಂಡಿರಲಿಲ್ಲ. ಪಕ್ಕದಲ್ಲಿ ಕುಳಿತೆ. ಎತ್ತರದ ಕಂಬ ಹಾಕಿಸಿದವಳು ನಾನು ಎಂದು ಹೇಳಿದೆ. ಅವಳು ತಲೆಯಾಡಿಸಿದಳು. ಕುರಿಯೊಂದು ಬಂದು ಅವಳ ಒದ್ದೆ ಸೆರಗನ್ನು ಮೂಸಿ ನೋಡಿತು.

ಮರಳುವ ದೋಣಿ

ದ್ವೀಪ ಹಿಂದೆ ಸರಿಯುತ್ತಿತ್ತು. ಮೈರಿ ಕಟ್ಟೆಯ ಮೇಲೆ ನಿಂತು ಒಂದು ಬೆರಳು ಎತ್ತಿದ್ದಳು. ಉಳಿದ ಚಟ್ನಿಪುಡಿ ಅವಳ ಅಡುಗೆಮನೆಯಲ್ಲಿತ್ತು.

ಫೋನಿಗೆ ಸಿಗ್ನಲ್ ಬಂದದ್ದೇ ಕೊಟ್ರಮ್ಮ ಗಂಡನಿಗೆ ಕರೆ ಮಾಡಿದಳು. “ಆ ಮನುಷ್ಯಾಗ ಒಲ್ಲೆ ಅಂತ ಹೇಳ್ರಿ. ... ಇಲ್ಲ, ಅಕ್ಕ ಏನೂ ಹೇಳಿಲ್ಲ. ನಾನ ಹೇಳಾಕತ್ತೀನಿ. ... ಊಟ ಆತೇನ್ರಿ?” ಫೋನು ಇಟ್ಟು ನನ್ನ ಕಡೆ ತಿರುಗಿದಳು. “ಆದ್ರ ಒಂದು. ಇನ್ಮ್ಯಾಲೆ ಬೈಗಳ ಅರ್ಧ ನಿನ್ನವು.”

“ಆತು,” ಎಂದೆ.

ಅವಳು ನನ್ನ ತೋಳಿಗೆ ತಲೆ ಇಟ್ಟು ನಿದ್ದೆಹೋದಳು. ಆ ಬೂದು ನೀರಿನ ಮೇಲೆ ನಾನೊಬ್ಬಳೇ ಎಚ್ಚರವಿದ್ದೆ. ಅದೂ ಪೂರ್ತಿ ಎಚ್ಚರವಲ್ಲ.

ಹಗರಿಬೊಮ್ಮನಹಳ್ಳಿ

ಬಸ್ಸಿಳಿದರೆ ಬಿಸಿಲು, ಧೂಳು, ಮಂಡಕ್ಕಿ ಮೆಣಸಿನಕಾಯಿ. ಕಣ್ಣಿಗೆ ಎಲ್ಲದರ ಅಂಚೂ ಚುಚ್ಚುವಷ್ಟು ಸ್ಪಷ್ಟ. ಹಿನ್ನೀರಿನ ಪಂಪ್‌ಮನೆಯ ಗೋಡೆಗೆ ಕೊಟ್ರಮ್ಮ ತಗ್ಗಿನಲ್ಲಿ ಒಂದು ತಟ್ಟೆ ಕೂರಿಸಿದಳು. ಆ ವರ್ಷ ಡ್ಯಾಮ್ ತುಂಬಿತು. ಆಚೆ ದಂಡೆ ಕೈಬಿಡಲಿಲ್ಲ. ಹನುಮವ್ವ ಫೋನು ಮಾಡಲಿಲ್ಲ. ಅದೇ ಅವಳ ಮೆಚ್ಚುಗೆ ಎಂದುಕೊಂಡೆವು. ಮೈರಿಯ ಸಂದೇಶ ಬಂದಿತ್ತು, ಅಲ್ಲಿ ವಿಚಾರ ಇನ್ನೂ ನಡೆದಿದೆಯಂತೆ.

ಸ್ವಲ್ಪ ಕಾಲಕ್ಕೆ ನಮ್ಮ ದೇಶದಲ್ಲೂ ಹೊಸದೊಂದು ತರಂಗಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಓದಿ ಹಿಗ್ಗಿದೆವು, ಪೂರ್ತಿ ಓದಿ ಸುಮ್ಮನಾದೆವು. ಮನೆಯೊಳಗೆ ಬಳಸಬಹುದು. ಹೊರಗಾದರೆ ಎದುರಿನ ಓಣಿಗೂ ಮುಟ್ಟದಷ್ಟು ಸಣ್ಣ ಶಕ್ತಿ. ಊರ ಡಬ್ಬಿಗಳು ಒಂದೊಂದಾಗಿ ಅಲ್ಲಿಗೆ ಹೋದರೆ ಹಳೆಯ ಗೋಮಾಳದಲ್ಲಿ ನಮಗಿಷ್ಟು ಜಾಗವಾದೀತು. ಆದರೆ ನೀರು ದಾಟಿಸಲು ಹೊಸದು ಇಲ್ಲ.

ನಮ್ಮಂಥ ಸಣ್ಣವರ ಮಾತನ್ನು ದಿಲ್ಲಿಯ ಅಧಿಕಾರಿಯೊಬ್ಬರಿಗೆ ಕೇಳಿಸಲು ಅದೇ ಸಂಘದವರು ಪರದೆಯ ಮೇಲೊಂದು ಸಭೆ ಕರೆದರು. ಹರಪನಹಳ್ಳಿಯ ಕಡೆಯವರು, ಬೇರೆ ರಾಜ್ಯದವರು ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದರು. ನಮ್ಮ ಸರದಿ ಬಂದಾಗ ನಾನು ಬರೆದುಕೊಂಡದ್ದನ್ನು ಕೈಗೆತ್ತಿಕೊಂಡೆ. ಕೊಟ್ರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಸಾಹೇಬ್ರ, ಮನಿ ಒಳಗ ಬಿಟ್ಟೀರಿ, ಚಲೋ ಆತ್ರಿ. ಆದ್ರ ನಮ್ಮ ಮನಿ ನಾಲ್ಕು ಹಳ್ಳಿ ಅಗಲ ಐತಿ.”

ನನ್ನ ಹರಕು ಹಿಂದಿಯಲ್ಲಿ ಅದನ್ನು ಹೇಳಿದೆ. ಅಧಿಕಾರಿ ಪೆನ್ನು ತೆಗೆದರು. ಆಮೇಲೆ, ಎಲ್ಲಿವೆ ಆ ಹಳ್ಳಿಗಳು ಎಂದು ಕೇಳಿದರು.

ನಕ್ಷೆ ಕಳಿಸೋಣ ಎಂದು ನಾನು ಹೇಳುವಷ್ಟರಲ್ಲಿ ಕೊಟ್ರಮ್ಮ ಶುರುಮಾಡಿದ್ದಳು, ಮನೆಗೆ ಬರುವ ಬೀಗರಿಗೆ ದಾರಿ ಹೇಳುವ ಹಾಗೆ, ಒಂದೊಂದೂ ಬಿಡಿಸಿ. “ನೀವು ಮೊದ್ಲು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಾಗ ಇಳೀರಿ. ಅಲ್ಲಿಂದ ನಾನು ಕರಕೊಂಡು ಹೋಗ್ತೀನಿ.”